ಮನರಂಜನಾ ಪಾರ್ಕ್ ಪ್ರವಾಸ: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿಗಳಿಂದ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದಾದ ಮನರಂಜನಾ ಪಾರ್ಕುಗಳು, ವಾಟರ್ ಪಾರ್ಕುಗಳು ಹಾಗೂ ದೊಡ್ಡ ಉದ್ಯಾನಗಳು ಹತ್ತಕ್ಕೆ ಕಡಿಮೆಯಿಲ್ಲ. ಆದರೆ ಈ ಭಾಗದ ಮನೆಗಳಲ್ಲಿ ಹೊರಡುವ ತಂಡ ಸಾಮಾನ್ಯವಾಗಿ ಒಂದೇ ವಯಸ್ಸಿನದಲ್ಲ. ಹದಿನಾಲ್ಕರ ಅಣ್ಣ, ಎಂಟರ ತಂಗಿ, ಇನ್ನೂ ಮಧ್ಯಾಹ್ನದ ನಿದ್ದೆ ಬಿಡದ ಮೂರರ ಕೂಸು, ಜೊತೆಗೆ ರಜೆಗೆಂದು ಊರಿಂದ ಬಂದ ದೊಡ್ಡಮ್ಮನ ಮಕ್ಕಳು, ಮೊಣಕಾಲು ನೋವಿನ ಅಜ್ಜಿ. ಇವರೆಲ್ಲರಿಗೂ ಒಂದೇ ಟಿಕೆಟ್ಟಿನಲ್ಲಿ ಒಂದೇ ದಿನ ಸುಖವಾಗಬೇಕು ಎಂಬುದೇ ಸಮಸ್ಯೆ.

ಸಮಸ್ಯೆ ಹಳೆಯದು. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳಿಬ್ಬರು ಮರದ ಕುದುರೆಗಳ ಮೇಲೆ ಸುತ್ತುತ್ತಿದ್ದರೆ ತಾನು ಬೆಂಚಿನ ಮೇಲೆ ಕುಳಿತು ಕಾಯಬೇಕಾಗಿ ಬಂದಾಗ, ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗವೊಂದು ಬೇಕೆಂದು ತನಗೆ ಹೊಳೆಯಿತು ಎಂದು ವಾಲ್ಟ್ ಡಿಸ್ನಿ ಹೇಳುತ್ತಿದ್ದ. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಆ ಯೋಚನೆಯ ಫಲ. ಕೋಪನ್‌ಹೇಗನ್‌ನ ಟಿವೊಲಿ ಉದ್ಯಾನ ಅದಕ್ಕಿಂತ ಬಹಳ ಹಿಂದೆ, 1843ರಲ್ಲೇ, ಸಂಗೀತ, ಊಟ, ಆಟಗಳನ್ನು ಒಂದೇ ಬೇಲಿಯೊಳಗೆ ತಂದಿತ್ತು. ನಮ್ಮಲ್ಲಿ ಈ ಕೆಲಸವನ್ನು ಜಾತ್ರೆಗಳು ಮಾಡುತ್ತಿದ್ದವು. ತೊಟ್ಟಿಲು, ಕುದುರೆಗಾಡಿ, ಬೆಂಡು ಬತ್ತಾಸು ಎಲ್ಲವೂ ಅಲ್ಲೇ. ಬೇಲಿ ಹಾಕಿ ಟಿಕೆಟ್ ಇಟ್ಟ ಪಾರ್ಕಿನ ಆರಂಭ 1984ರ ದೆಹಲಿಯ ಅಪ್ಪು ಘರ್. ಮುಂಬಯಿಗೆ ಅದು ಬಂದದ್ದು 1989ರಲ್ಲಿ, ಗೊರಾಯಿಯ ಎಸ್ಸೆಲ್ ವರ್ಲ್ಡ್ ರೂಪದಲ್ಲಿ. 1998ರಲ್ಲಿ ಅದರ ಪಕ್ಕದಲ್ಲೇ ವಾಟರ್ ಕಿಂಗ್‌ಡಮ್ ಸೇರಿಕೊಂಡಿತು. ಮಾರ್ವೆಯಿಂದ ದೋಣಿಯಲ್ಲಿ ಖಾಡಿ ದಾಟಿ ಎಸ್ಸೆಲ್ ವರ್ಲ್ಡ್‌ಗೆ ಹೋಗುವುದು ಒಂದಿಡೀ ತಲೆಮಾರಿನ ಮಕ್ಕಳಿಗೆ ಶಾಲಾ ಪಿಕ್ನಿಕ್ಕಿನ ಇನ್ನೊಂದು ಹೆಸರಾಗಿತ್ತು. 2022ರಲ್ಲಿ ಎಸ್ಸೆಲ್ ವರ್ಲ್ಡ್ ಮುಚ್ಚಿತು. ಇಂದಿನ ತಂದೆತಾಯಂದಿರು ತಮ್ಮ ಬಾಲ್ಯದ ಪಾರ್ಕಿಗೆ ತಮ್ಮ ಮಕ್ಕಳನ್ನು ಕರೆದೊಯ್ಯುವಂತಿಲ್ಲ.

ಆ ಜಾಗವನ್ನು ಈಗ ತುಂಬಿರುವುದು ರಾಯಗಢ ಜಿಲ್ಲೆಯ ಖೋಪೋಲಿ ಬಳಿಯ ಇಮ್ಯಾಜಿಕಾ. ಅದನ್ನು ಕಟ್ಟಿದವರು ಕರಾವಳಿ ಕರ್ನಾಟಕ ಮೂಲದ ಮನಮೋಹನ್ ಶೆಟ್ಟಿ. 1978ರಲ್ಲಿ ಆಡ್‌ಲ್ಯಾಬ್ಸ್ ಎಂಬ ಫಿಲ್ಮ್ ಸಂಸ್ಕರಣಾ ಲ್ಯಾಬ್ ಆರಂಭಿಸಿ, 'ಅರ್ಧ ಸತ್ಯ'ದಂಥ ಚಿತ್ರಗಳನ್ನು ನಿರ್ಮಿಸಿ, 2001ರಲ್ಲಿ ವಡಾಲಾದಲ್ಲಿ ಐಮ್ಯಾಕ್ಸ್ ಗುಮ್ಮಟ ತೆರೆದ ಶೆಟ್ಟಿ, ಸಿನಿಮಾ ವ್ಯವಹಾರವನ್ನು ಮಾರಿದ ಬಳಿಕ ಕೈಹಾಕಿದ್ದು ಈ ಪಾರ್ಕಿಗೆ. ಅದು 2013ರ ಏಪ್ರಿಲ್‌ನಲ್ಲಿ ತೆರೆಯಿತು. 2014ರಲ್ಲಿ ವಾಟರ್ ಪಾರ್ಕ್, 2015ರಲ್ಲಿ ಹೋಟೆಲು, 2016ರಲ್ಲಿ ಸ್ನೋ ಪಾರ್ಕ್ ಜೊತೆಯಾದವು. ಸಾಲದ ಹೊರೆ ದೊಡ್ಡದಾಗಿತ್ತು. 2022ರಲ್ಲಿ ಒಡೆತನ ಮಾಲ್‌ಪಾಣಿ ಸಮೂಹದ ಕೈಗೆ ಹೋಯಿತು. ಉಡುಪಿ ಹೋಟೆಲುಗಳಿಂದ ಗುರುತಿಸಿಕೊಂಡ ಸಮುದಾಯದ ಒಬ್ಬರು ಮಹಾರಾಷ್ಟ್ರದ ಅತಿ ದೊಡ್ಡ ಥೀಮ್ ಪಾರ್ಕಿನ ಹಿಂದಿದ್ದರು ಎಂಬುದು ಅಲ್ಲಿ ಮಕ್ಕಳನ್ನು ಆಡಿಸುವ ಎಷ್ಟೋ ಕನ್ನಡ ಕುಟುಂಬಗಳಿಗೇ ತಿಳಿದಿಲ್ಲ.

ಖೋಪೋಲಿಯನ್ನು ಆರಿಸಿದ್ದಕ್ಕೆ ಕಾರಣ ಸ್ಪಷ್ಟ. ಇಂಥ ಪಾರ್ಕಿಗೆ ನೂರಕ್ಕೂ ಹೆಚ್ಚು ಎಕರೆ ಬೇಕು, ವಾರದ ದಿನಗಳಲ್ಲಿ ಅದು ಅರ್ಧ ಖಾಲಿ ಇರುತ್ತದೆ. ಥಾಣೆಯಲ್ಲಾಗಲಿ ಕಲ್ಯಾಣ್‌ನಲ್ಲಾಗಲಿ ಅಷ್ಟು ಜಾಗ ಸಿಕ್ಕರೆ ಅಲ್ಲಿ ಏಳುವುದು ಇಪ್ಪತ್ತು ಮಹಡಿಯ ಬಿಲ್ಡಿಂಗು. ಮುಂಬಯಿ ಮತ್ತು ಪುಣೆ ಎರಡರ ಗಿರಾಕಿಗಳನ್ನೂ ಸೆಳೆಯಬಲ್ಲ, ಎಕ್ಸ್‌ಪ್ರೆಸ್‌ವೇಗೆ ಹತ್ತಿರದ, ಬೋರ್ ಘಾಟಿನ ಬುಡದ ಊರು ಇದಕ್ಕೆ ಹೊಂದಿತು. ಕುಟುಂಬಗಳಿಗೆ ಇದರಿಂದ ಒಂದು ಲಾಭವಿದೆ: ಈ ಕಡೆಯಿಂದ ಹೋಗುವವರು ಘಾಟಿ ಹತ್ತಬೇಕಾಗಿಲ್ಲ, ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳು ಬಚಾವು.

ಪಾರ್ಕಿನ ಬಾಗಿಲಲ್ಲಿ ವಯಸ್ಸಿಗಿಂತ ಎತ್ತರಕ್ಕೆ ಬೆಲೆ. ರೈಲ್ವೆ ಐದು ತುಂಬದ ಮಗುವಿಗೆ ಟಿಕೆಟ್ ಕೇಳುವುದಿಲ್ಲ, ಐದರಿಂದ ಹನ್ನೆರಡರವರೆಗೆ ಪ್ರತ್ಯೇಕ ಸೀಟು ಕಾದಿರಿಸದಿದ್ದರೆ ಅರ್ಧ ಟಿಕೆಟ್. ಮನರಂಜನಾ ಪಾರ್ಕುಗಳಲ್ಲಿ ಪ್ರವೇಶದ ದರವೂ ಒಳಗಿನ ರೈಡುಗಳ ಅನುಮತಿಯೂ ಹೆಚ್ಚಾಗಿ ಬಣ್ಣ ಬಳಿದ ಒಂದು ಅಳತೆ ಹಲಗೆಯ ಮೇಲೆ ನಿಂತಿವೆ. ರಜೆಗೆ ಊರಿಗೆ ಬಂದಾಗ ಹೋಗುವ ಬಿಡದಿಯ ವಂಡರ್‌ಲಾದಲ್ಲಿ (2005) 85 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಉಚಿತ, 140 ಸೆಂ.ಮೀ.ವರೆಗೆ ಮಕ್ಕಳ ದರ. ಇತರ ಪಾರ್ಕುಗಳ ಗೆರೆಗಳು ತುಸು ಆಚೀಚೆ. ದೊಡ್ಡ ರೋಲರ್ ಕೋಸ್ಟರುಗಳ ಗೆರೆ ಸಾಮಾನ್ಯವಾಗಿ 140 ಸೆಂ.ಮೀ. ಆಸುಪಾಸಿನಲ್ಲಿ ಬರುತ್ತದೆ. ಇದು ಕಂಪನಿಯ ಮರ್ಜಿಯಲ್ಲ, ಭುಜದ ಮೇಲಿಂದ ಇಳಿದು ಎದೆಯನ್ನು ಅಪ್ಪಿ ಹಿಡಿಯುವ ಕಬ್ಬಿಣದ ಪಟ್ಟಿಯ ಲೆಕ್ಕ. ಮೈ ಚಿಕ್ಕದಾದರೆ ಪಟ್ಟಿಗೂ ಮೈಗೂ ನಡುವೆ ಜಾಗ ಉಳಿಯುತ್ತದೆ, ಬಂಡಿ ತಲೆಕೆಳಗಾದಾಗ ಆ ಜಾಗವೇ ಅಪಾಯ. ಮೈ ವಿಪರೀತ ದೊಡ್ಡದಾದರೆ ಪಟ್ಟಿ ಬೀಗ ಬೀಳುವುದೇ ಇಲ್ಲ. ಮಾವಂದಿರು ಮಕ್ಕಳೆದುರು ಸೀಟಿನಿಂದ ಇಳಿದು ಬರುವುದು ಹೀಗೆ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದ ಮಧ್ಯದ ಅಳತೆಯಂತೆ ಐದು ವರ್ಷದ ಮಗು ಸುಮಾರು 110 ಸೆಂ.ಮೀ., ಎಂಟರದು 127, ಹತ್ತರದು 138, ಹನ್ನೆರಡರದು 150ರ ಸಮೀಪ. ಇದರಿಂದ ಒಂದು ವಿಷಯ ಗೊತ್ತಾಗುತ್ತದೆ: ಹತ್ತು ಹನ್ನೊಂದರ ಮಕ್ಕಳೇ ಗೆರೆಯ ಮೇಲೆ ತೂಗಾಡುವವರು. ಹೆಣ್ಣುಮಕ್ಕಳು ಬೇಗ ಎತ್ತರವಾಗುವುದರಿಂದ ಹನ್ನೊಂದರ ತಂಗಿಗೆ ಅನುಮತಿ ಸಿಕ್ಕು ಹನ್ನೆರಡರ ಅಣ್ಣನಿಗೆ ಸಿಗದೆ ಹೋಗುವುದೂ ಉಂಟು, ಆಮೇಲೆ ಇಡೀ ದಿನ ಹಾಳು. ಹೊರಡುವ ಮೊದಲು ಮಕ್ಕಳನ್ನು ಚಪ್ಪಲಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಅಳೆದು, ಪಾರ್ಕಿನ ಜಾಲತಾಣದಲ್ಲಿರುವ ರೈಡುವಾರು ಪಟ್ಟಿಗೆ ಹೋಲಿಸಿ ನೋಡಿ, ಸಿಗದ ರೈಡಿನ ಸುದ್ದಿಯನ್ನು ಮನೆಯಲ್ಲೇ ಹೇಳಿಬಿಡಬೇಕು. ಎರಡು ಗಂಟೆ ಸಾಲಿನಲ್ಲಿ ನಿಂತ ಮೇಲೆ ಹಲಗೆಯ ಹತ್ತಿರ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಆದರೆ ಹಲಗೆ ಹೇಳುವುದು ಮೈ ಹಿಡಿಸುತ್ತದೆಯೇ ಎಂಬುದನ್ನಷ್ಟೇ, ಮನಸ್ಸಿಗೆ ಹಿಡಿಸುತ್ತದೆಯೇ ಎಂಬುದನ್ನಲ್ಲ. ಐದಾರು ವರ್ಷದ ಮಕ್ಕಳು ಎತ್ತರಕ್ಕೆ ಹೆದರುವುದಕ್ಕಿಂತ ಹೆಚ್ಚು ಕತ್ತಲೆಗೂ ದೊಡ್ಡ ಸದ್ದಿಗೂ ಹೆದರುತ್ತಾರೆ. ಇಮ್ಯಾಜಿಕಾದ ಸಲೀಮ್‌ಗಢ ಎಂಬ ಭೂತದ ಕೋಟೆ ವೇಗದ್ದೇನಲ್ಲ, ಆದರೂ ಇಂಥ ಮಗುವಿಗೆ ಅದು ರಾತ್ರಿಯ ನಿದ್ದೆ ಕೆಡಿಸಬಲ್ಲುದು. ಅದೇ ಮಗು ರಾಜಾಸಾರಸ್ ರಿವರ್ ಅಡ್ವೆಂಚರ್‌ನಲ್ಲಿ ದೋಣಿಯಲ್ಲಿ ಕುಳಿತು ನೀರೆರಚಿಸಿಕೊಂಡು ಕೇಕೆ ಹಾಕೀತು. ರಾಜಾಸಾರಸ್ ನರ್ಮದಾ ಕಣಿವೆಯಲ್ಲಿ ಪಳೆಯುಳಿಕೆ ಸಿಕ್ಕ ನಿಜವಾದ ಡೈನೋಸಾರ್, 2003ರಲ್ಲಿ ಅದಕ್ಕೆ ವಿಜ್ಞಾನಿಗಳು ಹೆಸರಿಟ್ಟರು ಎಂದು ಸಾಲಿನಲ್ಲಿ ನಿಂತಾಗ ಹೇಳಿದರೆ ಎಂಟರಿಂದ ಹನ್ನೆರಡರ ಮಕ್ಕಳು ಕಾಯುವ ಬೇಸರ ಮರೆಯುತ್ತಾರೆ. 'ಐ ಫಾರ್ ಇಂಡಿಯಾ'ದಲ್ಲಿ ದೇಶದ ಮೇಲೆ ಹಾರಿದಂತೆ ಕಾಣುವ ಚಿತ್ರ ಸಾಮಾನ್ಯವಾಗಿ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಹಿಡಿಸುವಂಥದ್ದು. ಹದಿಹರೆಯದವರಿಗೆ ಬೇಕಾದ್ದು ನೈಟ್ರೋ, ಅಂದರೆ ಕಾಲಡಿ ನೆಲವಿಲ್ಲದೆ ಸೀಟಿನಿಂದ ಕಾಲು ಜೋತುಬಿಟ್ಟು ಸುತ್ತುವ ರೋಲರ್ ಕೋಸ್ಟರ್. 'ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ಹತ್ತು' ಎಂದು ಅಳುವ ಮಗುವನ್ನು ಎಳೆದು ಕೂರಿಸುವ ತಂದೆಯರು ಪ್ರತಿ ಪಾರ್ಕಿನಲ್ಲೂ ಕಾಣಸಿಗುತ್ತಾರೆ. ಮುಂದಿನ ಐದು ವರ್ಷಕ್ಕೆ ಆ ಮಗು ಯಾವ ರೈಡನ್ನೂ ಹತ್ತದಂತೆ ಮಾಡುವ ದಾರಿ ಅದು.

ಎಲ್ಲರೂ ಇಡೀ ದಿನ ಒಟ್ಟಿಗೇ ಇರಬೇಕೆಂಬ ಹಟವೇ ಇಂಥ ಪ್ರವಾಸಗಳನ್ನು ಹೆಚ್ಚಾಗಿ ಕೆಡಿಸುವುದು. ಮೂವರು ಮಕ್ಕಳ ಜೊತೆ ಆರೇಳು ಜನ ಒಂದೇ ಗುಂಪಾಗಿ ಓಡಾಡಿದರೆ ಪ್ರತಿ ರೈಡಿನ ಹತ್ತಿರವೂ ಅರ್ಧ ಜನ ಬಿಸಿಲಲ್ಲಿ ನಿಂತು ಕಾಯುತ್ತಾರೆ. ಬಾಗಿಲು ತೆರೆದ ಮೊದಲ ಎರಡು ಗಂಟೆ ದೊಡ್ಡ ರೈಡುಗಳ ಸಾಲು ಚಿಕ್ಕದು. ಆ ಹೊತ್ತು ಅಪ್ಪ ದೊಡ್ಡ ಮಕ್ಕಳನ್ನು ಕರೆದುಕೊಂಡು ಪಾರ್ಕಿನ ದೂರದ ಮೂಲೆಗೆ ಹೋಗಬೇಕು, ಅಮ್ಮ ಚಿಕ್ಕವರ ಜೊತೆ ಮೆರ್ರಿ ಗೋ ರೌಂಡ್, ಸಣ್ಣ ರೈಲುಗಳ ಕಡೆಗೆ. ಅಮ್ಮನಿಗೂ ನೈಟ್ರೋ ಹತ್ತುವ ಆಸೆ ಇರಬಹುದು ಎಂಬುದು ಅನೇಕ ಮನೆಗಳಲ್ಲಿ ಹೊಳೆಯುವುದೇ ಇಲ್ಲ. ವಿದೇಶದ ದೊಡ್ಡ ಪಾರ್ಕುಗಳಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ: ಒಬ್ಬರು ರೈಡು ಮುಗಿಸಿ ಬಂದು ಮಗುವನ್ನು ಹಿಡಿದುಕೊಂಡರೆ ಇನ್ನೊಬ್ಬರು ಮತ್ತೆ ಸಾಲಿನಲ್ಲಿ ನಿಲ್ಲದೆ ಹತ್ತಬಹುದು. ಇಲ್ಲಿ ಅದನ್ನು ಮನೆಯವರೇ ಸರದಿ ಮಾಡಿಕೊಂಡು ನಡೆಸಬೇಕು. ದೊಡ್ಡಣ್ಣನಿಗೆ ತಮ್ಮನನ್ನು ಒಂದು ಗಂಟೆ ನೋಡಿಕೊಳ್ಳಲು ಹೇಳುವುದು ತಪ್ಪಲ್ಲ, ಇಡೀ ದಿನ ಹೇಳುವುದು ಅನ್ಯಾಯ. ಮಧ್ಯಾಹ್ನ ಊಟಕ್ಕೆ ಎಲ್ಲರೂ ಸೇರಿ, ಆಮೇಲೆ ಎಲ್ಲರಿಗೂ ಆಗುವ ತಂಪು ಜಾಗದ ಪ್ರದರ್ಶನಗಳನ್ನು ಒಟ್ಟಿಗೆ ನೋಡಿ, ಸಂಜೆ ಮತ್ತೆ ಬೇರೆಯಾಗಬಹುದು. ಕೂಸಿನ ನಿದ್ದೆಗೆ ಅಜ್ಜಿಯ ಮಡಿಲು ಮತ್ತು ಏಸಿಯಿರುವ ಒಂದು ಮೂಲೆ ಸಾಕು, ಅಜ್ಜಿಗೂ ಅದು ವಿಶ್ರಾಂತಿ. ಬೇರೆಯಾಗುವಾಗ ಮಕ್ಕಳ ಕೈಪಟ್ಟಿಯ ಮೇಲೆ ಫೋನ್ ನಂಬರ್ ಬರೆದು, ತಪ್ಪಿಸಿಕೊಂಡರೆ ಬಂದು ನಿಲ್ಲುವ ಜಾಗವನ್ನು ಬೆರಳು ಮಾಡಿ ತೋರಿಸಿರಬೇಕು. ಮೊಬೈಲು ಲಾಕರಿನಲ್ಲಿ ಇರುತ್ತದೆ, ಅದನ್ನು ನೆಚ್ಚುವಂತಿಲ್ಲ.

ಹತ್ತಿರದ ಪಾರ್ಕುಗಳಲ್ಲಿ ಥಾಣೆಯ ಪಾಲು ದೊಡ್ಡದು. ಘೋಡ್‌ಬಂದರ್ ರಸ್ತೆಯ ಒಳಗೆ, ಮಾನ್‌ಪಾಡಾದಲ್ಲಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳ ಬುಡದಲ್ಲಿರುವ ಟಿಕೂಜಿನಿ ವಾಡಿಯಲ್ಲಿ ಒಣ ರೈಡುಗಳೂ ನೀರಿನ ಆಟಗಳೂ ಇವೆ. ಅದೇ ರಸ್ತೆಯ ಸೂರಜ್ ವಾಟರ್ ಪಾರ್ಕ್ ಶಿವನ ಮೂರ್ತಿಯಿಂದಲೇ ಗುರುತು ಸಿಗುತ್ತದೆ. ಕಲ್ಯಾಣ್, ಭಿವಂಡಿ ಕಡೆಯವರಿಗೆ ನಾಸಿಕ್ ಹೆದ್ದಾರಿಯ ಶಾಂಗ್ರಿಲಾ ಹತ್ತಿರ. ಥಾಣೆಯವರು ಗೊರಾಯಿಯ ವಾಟರ್ ಕಿಂಗ್‌ಡಮ್‌ಗೆ ದೋಣಿಯಿಲ್ಲದೆ ಭಾಯಂದರ್, ಉತ್ತನ್ ಮಾರ್ಗವಾಗಿ ರಸ್ತೆಯಲ್ಲೇ ತಲುಪಬಹುದು. ಘಾಟ್‌ಕೋಪರ್‌ನ ಆರ್ ಸಿಟಿ ಮಾಲಿನೊಳಗೆ 2013ರಲ್ಲಿ ತೆರೆದ ಕಿಡ್ಜಾನಿಯಾ ಬೇರೆಯೇ ಬಗೆಯದು. ಮೆಕ್ಸಿಕೊದಲ್ಲಿ 1999ರಲ್ಲಿ ಹುಟ್ಟಿದ ಈ ಆಟದ ಪಟ್ಟಣದಲ್ಲಿ ಮಕ್ಕಳು ಡಾಕ್ಟರು, ಪೈಲಟ್, ಅಗ್ನಿಶಾಮಕದವರಾಗಿ 'ಕೆಲಸ' ಮಾಡಿ 'ಸಂಬಳ' ಪಡೆಯುತ್ತಾರೆ. ಐದರಿಂದ ಹತ್ತರ ಮಕ್ಕಳಿಗೆ ಅದು ಸ್ವರ್ಗ. ಹದಿನಾಲ್ಕರ ಹುಡುಗನಿಗೆ ಅಲ್ಲಿ ಅವಮಾನ, ಅವನನ್ನು ಹೊರಗೆ ಮಾಲಿನಲ್ಲಿ ಅಪ್ಪನ ಜೊತೆ ಬಿಡುವುದೇ ಒಳ್ಳೆಯದು.

ಇವೆಲ್ಲಕ್ಕಿಂತ ಅಗ್ಗದವು ಪಾಲಿಕೆಯ ಪಾರ್ಕುಗಳು. ನೆರೂಳ್‌ನಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ 2012ರಲ್ಲಿ ತೆರೆದ ವಂಡರ್ಸ್ ಪಾರ್ಕ್ ಸುಮಾರು 30 ಎಕರೆಯದು. ಜಗತ್ತಿನ ಏಳು ಅದ್ಭುತಗಳ ಪ್ರತಿಕೃತಿಗಳು, ಪುಟಾಣಿ ರೈಲು, ಹಗುರವಾದ ರೈಡುಗಳು ಅಲ್ಲಿವೆ. 2023ರಲ್ಲಿ ನವೀಕರಣಗೊಂಡು ಮತ್ತೆ ತೆರೆಯಿತು. ಖಾರ್‌ಘರ್‌ನಲ್ಲಿ ಸಿಡ್ಕೊದ ವಿಶಾಲವಾದ ಸೆಂಟ್ರಲ್ ಪಾರ್ಕ್ (2010) ಇದೆ, 2023ರ ನವೆಂಬರ್‌ನಲ್ಲಿ ಆರಂಭವಾದ ಬೇಲಾಪುರ್–ಪೆಂಧರ್ ಮೆಟ್ರೊ ಅದರ ಹೆಸರಿನ ನಿಲ್ದಾಣದಲ್ಲೇ ಇಳಿಸುತ್ತದೆ. ಥಾಣೆಯ ಕೋಲ್‌ಶೇತ್‌ನಲ್ಲಿ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಗ್ರ್ಯಾಂಡ್ ಸೆಂಟ್ರಲ್ ಪಾರ್ಕ್ ಇಪ್ಪತ್ತು ಎಕರೆಯದು. ಮನೆಯ ಅತಿ ಚಿಕ್ಕ ಮಗು ಇನ್ನೂ ಒಂದು ಮೀಟರ್ ಮುಟ್ಟಿಲ್ಲವಾದರೆ, ಖೋಪೋಲಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ನೆರೂಳ್‌ನಲ್ಲಿ ಒಂದು ಸಂಜೆ ಕಳೆಯುವುದೇ ಸರಿ ಎಂಬುದು ಈ ಲೇಖಕರ ಅಭಿಪ್ರಾಯ. ದೊಡ್ಡವನಿಗೆ ರೋಲರ್ ಕೋಸ್ಟರ್ ಬೇಕೆಂದರೆ ಅವನನ್ನು ಅವನ ಗೆಳೆಯರ ಜೊತೆ ಇನ್ನೊಂದು ದಿನ ಕಳಿಸಬಹುದು.

ದಾರಿಯ ಲೆಕ್ಕ ಹಾಕದೆ ಟಿಕೆಟ್ ಕೊಳ್ಳಬಾರದು. ನವಿ ಮುಂಬಯಿಯವರಿಗೆ ಇಮ್ಯಾಜಿಕಾ ಸುಲಭ: ಕಳಂಬೋಳಿಯಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿದು ಖಾಲಾಪುರದ ಹತ್ತಿರ ಇಳಿದರೆ ಪಾಲಿ ರಸ್ತೆ. ಡೊಂಬಿವಲಿ, ಕಲ್ಯಾಣ್‌ನವರು ಮೊದಲು ಶಿಳ್‌ಫಾಟಾ ದಾಟಬೇಕು, ಅಲ್ಲಿನ ಟ್ರಾಫಿಕ್ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಶನಿವಾರ ಬೆಳಿಗ್ಗೆ ಲೋನಾವಳಕ್ಕೆ ಹೊರಟ ಇಡೀ ಮುಂಬಯಿ ಅದೇ ಎಕ್ಸ್‌ಪ್ರೆಸ್‌ವೇಯಲ್ಲಿರುತ್ತದೆ, ಆರು ಗಂಟೆಗೆ ಮನೆ ಬಿಟ್ಟವನೇ ಗೆದ್ದವನು. ರೈಲಿನಲ್ಲೂ ಹೋಗಬಹುದು. ಥಾಣೆ, ಡೊಂಬಿವಲಿ, ಕಲ್ಯಾಣ್ ಮೂಲಕ ಖೋಪೋಲಿಗೆ ನೇರ ಲೋಕಲ್‌ಗಳಿವೆ, ಆದರೆ ಕೆಲವೇ. ಇಲ್ಲವಾದರೆ ಕರ್ಜತ್‌ನಲ್ಲಿ ಇಳಿದು ಬದಲಿಸಬೇಕು, ಖೋಪೋಲಿಯಿಂದ ಮುಂದಕ್ಕೆ ರಿಕ್ಷಾ. ಭಾನುವಾರವಾದರೆ ಸೆಂಟ್ರಲ್ ರೈಲ್ವೆಯ ಮೆಗಾಬ್ಲಾಕ್ ಉಂಟು. ಮುಖ್ಯ ಮಾರ್ಗದಲ್ಲಿ ಅದು ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಆರಂಭವಾಗಿ ನಾಲ್ಕರವರೆಗೆ ಇರುತ್ತದೆ, ಹಾರ್ಬರ್ ಮತ್ತು ಥಾಣೆ–ವಾಶಿ ಮಾರ್ಗಗಳಿಗೂ ಅದರ ಬಿಸಿ ತಟ್ಟುತ್ತದೆ. ಸಂಜೆ ಏಳರ ಮೇಲೆ ನೆನೆದ ಬಟ್ಟೆಯ ಚೀಲ, ನಿದ್ದೆ ತೂಗುವ ಮಗು, ತುಂಬಿದ ಲೋಕಲ್ ಈ ಮೂರನ್ನೂ ಒಟ್ಟಿಗೆ ಸಂಭಾಳಿಸುವುದು ಎಂಥ ಸಾಹಸದ ರೈಡಿಗೂ ಕಡಿಮೆಯಲ್ಲ. ಮನೆಗೆ ಮರಳುವ ಹೊತ್ತನ್ನು ಅತಿ ಚಿಕ್ಕ ಮಗುವಿನ ತಾಳ್ಮೆ ನೋಡಿ ನಿಗದಿ ಮಾಡಬೇಕು.

ಯಾವ ದಿನ ಎಂಬ ಪ್ರಶ್ನೆಗೆ ಇಲ್ಲಿನ ಕನ್ನಡಿಗರ ಬದುಕಿನಲ್ಲೇ ಒಂದು ಉತ್ತರವಿದೆ. ಡೊಂಬಿವಲಿಯಂಥ ಕಡೆ, ಕರ್ನಾಟಕ ಸಂಘವೇ ಮಂಜುನಾಥನ ಹೆಸರಿನ ಶಾಲೆ ಕಾಲೇಜು ನಡೆಸುವಷ್ಟು ಬೇರು ಬಿಟ್ಟಿರುವ ಈ ಸಮುದಾಯದಲ್ಲಿ ಹೋಟೆಲು ನಡೆಸುವವರು ಬಹಳ. ಅವರಿಗೆ ಭಾನುವಾರವೇ ವ್ಯಾಪಾರದ ದಿನ, ರಜೆ ಸಿಗುವುದು ವಾರದ ಮಧ್ಯೆ. ಉಳಿದವರು ಅದನ್ನು ಕಷ್ಟವೆಂದುಕೊಂಡರೂ ಪಾರ್ಕಿನ ವಿಷಯದಲ್ಲಿ ಅದು ಭಾಗ್ಯ, ವಾರದ ದಿನ ಸಾಲುಗಳು ಚಿಕ್ಕವು, ಎಷ್ಟೋ ಕಡೆ ದರವೂ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ: ಆಗ ಶಾಲೆಗಳ ಪಿಕ್ನಿಕ್ ಬಸ್ಸುಗಳು ವಾರದ ದಿನಗಳಲ್ಲೇ ಬಂದು ನಿಲ್ಲುತ್ತವೆ. ಮೇ ತಿಂಗಳಲ್ಲಿ ಹೆಚ್ಚಿನವರು ಮತ್ಸ್ಯಗಂಧಾದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ಊರಿಗೆ ಹೋಗಿರುತ್ತಾರೆ, ಇದ್ದವರಿಗೂ ಆ ಸೆಕೆಯಲ್ಲಿ ಒಣ ರೈಡುಗಳು ಹಿಂಸೆ, ಆಗ ನೀರಿನ ಪಾರ್ಕೇ ಸರಿ. ದೀಪಾವಳಿ ರಜೆ ಕಳೆದ ಮೇಲಿನ ನವೆಂಬರ್ ದಿನಗಳು ಎಲ್ಲಕ್ಕಿಂತ ಒಳ್ಳೆಯವು.

ನೀರಿನ ಪಾರ್ಕು ಎಲ್ಲ ವಯಸ್ಸಿನವರಿಗೂ ಹೊಂದುತ್ತದೆ ಎಂಬ ಮಾತು ಅರ್ಧ ನಿಜ. ಮಕ್ಕಳ ಮೊಣಕಾಲು ಮಟ್ಟದ ಕೊಳವೂ ದೊಡ್ಡವರ ಜಾರುಬಂಡೆಯೂ ಅಕ್ಕಪಕ್ಕದಲ್ಲೇ ಇರುವುದರಿಂದ ಕುಟುಂಬ ಚೆದುರುವುದು ಕಡಿಮೆ. ಆದರೆ ಅಲೆಗಳ ಕೊಳದಲ್ಲಿ ಈಜು ಬಾರದ ಮಗುವನ್ನು ಕೈಯಳತೆಯ ದೂರದಲ್ಲಿ ಇಟ್ಟುಕೊಳ್ಳಲೇಬೇಕು. ಕಾವಲುಗಾರ ಎತ್ತರದಲ್ಲಿ ಕುಳಿತಿದ್ದಾನೆಂದು ಮಗುವನ್ನು ಬಿಟ್ಟು ಸೆಲ್ಫಿ ತೆಗೆಯುವುದು ಸಲ್ಲದು. ಹತ್ತಿ ಬಟ್ಟೆಗೆ ಹೆಚ್ಚಿನ ಕಡೆ ಅನುಮತಿಯಿಲ್ಲ, ನೈಲಾನ್ ಉಡುಪು ಮನೆಯಿಂದಲೇ ಒಯ್ದರೆ ಬಾಡಿಗೆ ಉಳಿಯುತ್ತದೆ. ಮೂರು ನಾಲ್ಕರ ಮಕ್ಕಳು ಮೇ ತಿಂಗಳಲ್ಲೂ ಅರ್ಧ ಗಂಟೆಯಲ್ಲಿ ನಡುಗಲಾರಂಭಿಸುತ್ತಾರೆ. ಒಣ ಟವೆಲ್ಲೂ ಬೇರೆ ಬಟ್ಟೆಯೂ ಲಾಕರಿನಲ್ಲಿರದೆ ಕೈಯಲ್ಲಿ ಇರಲಿ.

ಊಟಕ್ಕೆ ಹೊರಗಿನ ತಿಂಡಿ ಬಿಡುವುದಿಲ್ಲ. ಕೂಸಿನ ಗಂಜಿ, ಹಾಲಿಗೆ, ಔಷಧಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬೆಳಿಗ್ಗೆ ಮನೆಯಲ್ಲೇ ಇಡ್ಲಿ ತಿನ್ನಿಸಿ ಹೊರಟರೆ ಹನ್ನೊಂದಕ್ಕೆ ಹಸಿವೆಂದು ಅಳುವುದು ತಪ್ಪುತ್ತದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಅಜ್ಜಿಗೆ ಮುಂಬಯಿಯ ಒಂದು ಅನುಕೂಲ ಇಲ್ಲಿ ಒದಗುತ್ತದೆ: ಗುಜರಾತಿ ಗಿರಾಕಿಗಳಿಗಾಗಿ ಇಟ್ಟ ಜೈನ್ ಅಡುಗೆ ಹೆಚ್ಚಿನ ಪಾರ್ಕುಗಳಲ್ಲಿ ಸಿಗುತ್ತದೆ, ಆಲೂಗಡ್ಡೆಯೂ ಇರುವುದಿಲ್ಲ ಅಷ್ಟೇ. ದರದ ಮಾತಿಗೆ ಬಂದರೆ, ಪಾರ್ಕ್ ಟಿಕೆಟ್ಟಿನ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇದ್ದು 2018ರ ಜನವರಿಯಲ್ಲಿ ಶೇ 18ಕ್ಕೆ ಇಳಿಯಿತು. ಆದರೂ ಆರು ಜನರ ಕುಟುಂಬಕ್ಕೆ ಟಿಕೆಟ್, ಪ್ರಯಾಣ, ಊಟ ಸೇರಿದರೆ ಅದು ವರ್ಷಕ್ಕೊಮ್ಮೆಯ ಖರ್ಚೇ. ಯಾವ ರೈಡೂ ಹತ್ತದ ಅಜ್ಜಿಗೆ ಹಿರಿಯರ ದರ ಇದೆಯೇ ಎಂದು ಕೇಳಲು ಮರೆಯಬಾರದು.

ಮಳೆಗಾಲದಲ್ಲಿ ಹೊರಡುವವರಿಗೆ ಕೊನೆಯದಾಗಿ ಒಂದು ಮಾತು. ಸಹ್ಯಾದ್ರಿಯ ಬುಡದ ಖೋಪೋಲಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು. ಗುಡುಗು ಮಿಂಚು ಬಂದರೆ ಹೊರಗಿನ ರೈಡುಗಳನ್ನು ನಿಲ್ಲಿಸುತ್ತಾರೆ. ದುರಸ್ತಿಗೆಂದು ಯಾವುದಾದರೊಂದು ರೈಡು ಮುಚ್ಚಿರುವುದು ಎಲ್ಲ ಕಾಲದಲ್ಲೂ ಉಂಟು. ಅದು ನಿಮ್ಮ ಮಗ ವರ್ಷದಿಂದ ಕಾದ ರೈಡೇ ಆಗಿರಬಹುದು. ಹಿಂದಿನ ದಿನ ಪಾರ್ಕಿಗೆ ಫೋನ್ ಮಾಡಿ, ನಾಳೆ ಏನೇನು ನಡೆಯುತ್ತದೆ ಎಂದು ಕೇಳಿಯೇ ಟಿಕೆಟ್ ತೆಗೆಯಿರಿ.